ಹಣ್ಣುನೊಣ ಮತ್ತು ಮೋಹಕ ಬಲೆ: ಕಾಸರಗೋಡಿನ ಬೆಳೆಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆ ಆಸುಪಾಸಿನ ಮನೆಗಳಲ್ಲಿ ಅಡಿಕೆ ತೋಟದ ಬದಿಗೊಂದು ಹಾಗಲದ ಚಪ್ಪರ, ಅಂಗಳದ ಕೊನೆಗೆ ಒಂದೆರಡು ಮಾವು, ಬಾವಿಕಟ್ಟೆಯ ಹತ್ತಿರ ಒಂದು ಪೇರಳೆ ಇರುವುದು ಸಾಮಾನ್ಯ. ಹಣ್ಣುನೊಣ ಇಡುವ ಮೊಟ್ಟೆಯಿಂದ ಈ ಬೆಳೆಗಳಿಗೆ ಹುಳ ಬೀಳದಿರಲೆಂದು ಮೋಹಕ ಬಲೆ, ಅಂದರೆ ನೊಣವನ್ನು ಮದ್ದಿನ ವಾಸನೆಯಿಂದ ಸೆಳೆದು ಹಿಡಿಯುವ ಬಾಟಲಿ, ತೂಗಿಸುವವರು ಈಗ ಹಲವರಿದ್ದಾರೆ. ಬಲೆ ತಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವಾದುದರಿಂದ ಅವನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ಅಡುಗೆಮನೆಯ ಬಾಳೆಗೊನೆಯ ಮೇಲೆ ಸುಳಿದಾಡುವ ಸಣ್ಣ ನೊಣವೂ ತೋಟದ ಹಣ್ಣುನೊಣವೂ ಒಂದೇ ಅಲ್ಲವೇ?

ಅಲ್ಲ. ಅಡುಗೆಮನೆಯದು ಡ್ರೊಸೊಫಿಲಾ. ಎಳ್ಳುಕಾಳಿನಷ್ಟು ಗಾತ್ರದ ಅದು ಕಳಿತು ಹುಳಿಯೊಡೆದ ಹಣ್ಣನ್ನೂ ಅದರಲ್ಲಿ ಬೆಳೆಯುವ ಯೀಸ್ಟನ್ನೂ ಅರಸಿ ಬರುತ್ತದೆಯೇ ಹೊರತು, ಗಟ್ಟಿಯಾದ ಒಳ್ಳೆಯ ಹಣ್ಣಿಗೆ ಅದರಿಂದ ಹಾನಿಯಿಲ್ಲ. ತೋಟದ್ದು ಟೆಫ್ರಿಟಿಡೇ ಎಂಬ ಬೇರೆಯೇ ಕುಟುಂಬದ ನೊಣ. ಗಾತ್ರದಲ್ಲಿ ಮನೆನೊಣಕ್ಕಿಂತ ತುಸು ದೊಡ್ಡದು, ಮೈಮೇಲೆ ಹಳದಿ ಗೆರೆಗಳಿರುವುದರಿಂದ ಮೊದಲ ನೋಟಕ್ಕೆ ಸಣ್ಣ ಕಣಜವೆನ್ನಿಸುತ್ತದೆ. ಹೆಣ್ಣಿನ ಹಿಂತುದಿಯಲ್ಲಿ ಸೂಜಿಯಂತಹ ಅಂಡನಾಳವಿದ್ದು, ಅದನ್ನು ಬಲಿಯುತ್ತಿರುವ ಕಾಯಿಯ ಸಿಪ್ಪೆಗೆ ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ವಿನೆಗರ್ ಬಟ್ಟಲಿಟ್ಟು ಅಡುಗೆಮನೆಯ ನೊಣವನ್ನು ಹಿಡಿಯಬಹುದು. ಅದೇ ಬಟ್ಟಲನ್ನು ಹಾಗಲದ ಚಪ್ಪರದಡಿ ಇಟ್ಟರೆ ಏನೂ ಆಗದು.

ನಮ್ಮ ಕಡೆ ಯಾವ ಹಣ್ಣುನೊಣಗಳಿವೆ? ಗುರುತಿಸುವುದು ಹೇಗೆ?

ಬೆಳೆಗಾರನ ಲೆಕ್ಕಕ್ಕೆ ಎರಡು ಬಳಗ ಸಾಕು. ಮಾವು, ಪೇರಳೆ, ಚಿಕ್ಕು, ದಾರೆಹುಳಿಗಳಿಗೆ ಬರುವುದು ಮುಖ್ಯವಾಗಿ ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್. ಅದರ ಜೊತೆಗೆ ಬ್ಯಾಕ್ಟ್ರೊಸೆರಾ ಕರೆಕ್ಟಾ, ಜೊನಾಟಾ, ಕ್ಯಾರಿಯೆ ಎಂಬ ನೆಂಟರೂ ಇದ್ದಾರೆ. ಡಾರ್ಸಾಲಿಸ್‌ನ ಹೊಟ್ಟೆಯ ಮೇಲೆ ಇಂಗ್ಲಿಷಿನ ‘ಟಿ’ ಅಕ್ಷರದಂತಹ ಕಪ್ಪು ಗುರುತಿರುತ್ತದೆ, ರೆಕ್ಕೆ ಬಹುಮಟ್ಟಿಗೆ ತಿಳಿಯಾಗಿರುತ್ತದೆ. ಹಾಗಲ, ಪಡುವಲ, ಹೀರೆ, ಮುಳ್ಳುಸೌತೆ, ಸಿಹಿಗುಂಬಳಗಳಿಗೆ ಬರುವುದು ಜ್ಯೂಗೊಡ್ಯಾಕಸ್ ಕುಕರ್ಬಿಟೆ, ಅಂದರೆ ಬಳ್ಳಿತರಕಾರಿಯ ನೊಣ. ಇದರ ಮೈ ಕೆಂಗಂದು ಬಣ್ಣದ್ದು, ಬೆನ್ನಿನ ಮೇಲೆ ಮೂರು ಹಳದಿ ಗೆರೆಗಳು, ರೆಕ್ಕೆಯ ತುದಿಯಲ್ಲಿ ಎದ್ದು ಕಾಣುವ ಕಂದು ಚುಕ್ಕೆ. ಹಳೆಯ ಪುಸ್ತಕಗಳಲ್ಲಿ ಇದನ್ನೇ ಡ್ಯಾಕಸ್ ಎಂದೂ ಆಮೇಲೆ ಬ್ಯಾಕ್ಟ್ರೊಸೆರಾ ಎಂದೂ ಬರೆದಿರುವುದುಂಟು. ಹೆಸರು ಬದಲಾಗಿದೆ, ನೊಣ ಬದಲಾಗಿಲ್ಲ.

ಬಲೆಯೊಳಗಿನ ಮದ್ದು ಯಾವುದು? ಒಂದೇ ಮದ್ದು ಎಲ್ಲ ಬೆಳೆಗೂ ಆಗುವುದಿಲ್ಲವೇ?

ಆಗುವುದಿಲ್ಲ. ನಮ್ಮಲ್ಲಿ ಬಲೆ ತೂಗಿಸಿ ಸೋಲುವವರಲ್ಲಿ ಬಹುಪಾಲು ಜನ ಸೋಲುವುದು ಈ ಒಂದು ತಪ್ಪಿನಿಂದಲೇ ಎಂಬುದು ನನ್ನ ಅಂದಾಜು. ಮಾವು ಪೇರಳೆಗಳ ನೊಣ ಬರುವುದು ಮೀಥೈಲ್ ಯುಜೆನಾಲ್ ಎಂಬ ರಾಸಾಯನಿಕಕ್ಕೆ. ಬಳ್ಳಿತರಕಾರಿಯ ನೊಣ ಬರುವುದು ಕ್ಯೂಲ್ಯೂರ್ ಎಂಬ ಬೇರೆ ರಾಸಾಯನಿಕಕ್ಕೆ. ಮೀಥೈಲ್ ಯುಜೆನಾಲ್ ಇರುವ ಬಲೆಯನ್ನು ಬಳ್ಳಿತರಕಾರಿಯ ನೊಣ ತಿರುಗಿಯೂ ನೋಡುವುದಿಲ್ಲ. ಕ್ಯೂಲ್ಯೂರಿನ ಬಲೆಗೆ ಮಾವಿನ ನೊಣವೂ ಹಾಗೆಯೇ.

ನಾನೇ ಈ ತಪ್ಪು ಮಾಡಿದವನು. ಒಂದು ವರ್ಷ ಹಾಗಲಕ್ಕೆ ಬಲೆ ಬೇಕೆಂದು ಅಂಗಡಿಯಲ್ಲಿ ಕೇಳಿದಾಗ, “ಅಣ್ಣ, ಹಣ್ಣುನೊಣಕ್ಕೆ ಇದೇ” ಎಂದು ಕೊಟ್ಟದ್ದನ್ನು ಪೊಟ್ಟಣ ಓದದೆ ತಂದು ಚಪ್ಪರದ ನಾಲ್ಕು ಮೂಲೆಗೆ ಕಟ್ಟಿದೆ. ಮೂರು ವಾರದಲ್ಲಿ ಬಾಟಲಿಯ ತಳ ಕಾಣದಷ್ಟು ನೊಣ ಬಿದ್ದಿತ್ತು, ಆದರೆ ಹಾಗಲಕಾಯಿ ಒಂದೊಂದಾಗಿ ಹಳದಿಯಾಗಿ ಸೊಟ್ಟಗಾಗಿ ಉದುರುವುದು ನಿಲ್ಲಲಿಲ್ಲ. ಕೊನೆಗೆ ಸತ್ತ ನೊಣಗಳನ್ನು ಬಿಳಿ ಕಾಗದದ ಮೇಲೆ ಸುರಿದು ನೋಡಿದಾಗ ಒಂದರ ರೆಕ್ಕೆಯ ತುದಿಯಲ್ಲೂ ಬಳ್ಳಿತರಕಾರಿಯ ನೊಣದ ಆ ಕಂದು ಚುಕ್ಕೆ ಇರಲಿಲ್ಲ. ಬಿದ್ದಿದ್ದವೆಲ್ಲ ಅಂಗಳದ ಕಾಟುಮಾವಿನಿಂದಲೂ ಪೇರಳೆಯಿಂದಲೂ ಬಂದವು. ಹಾಗಲದ ನೊಣ ಪಕ್ಕದಲ್ಲೇ ನಿಶ್ಚಿಂತೆಯಿಂದ ತನ್ನ ಕೆಲಸ ಮಾಡಿಕೊಂಡಿತ್ತು. ಆದ್ದರಿಂದ ಪೊಟ್ಟಣದ ಮೇಲಿನ ಅಕ್ಷರ ಯಾವ ಭಾಷೆಯದಾಗಿದ್ದರೂ ಓದಿಸಿಕೊಂಡು, ಒಳಗಿರುವುದು ಯಾವುದೆಂದು ಖಚಿತಪಡಿಸಿಕೊಂಡ ಮೇಲೆಯೇ ದುಡ್ಡು ಕೊಡಬೇಕು. ಮಾವೂ ಹಾಗಲವೂ ಇರುವವರಿಗೆ ಎರಡೂ ಬೇಕು; ಎರಡನ್ನೂ ಬೇರೆ ಬೇರೆ ಬಾಟಲಿಗಳಲ್ಲಿ ಹಾಕಬೇಕು.

ಬಲೆಗೆ ಗಂಡುನೊಣ ಮಾತ್ರ ಬೀಳುತ್ತದೆ ಎನ್ನುತ್ತಾರೆ. ಏಕೆ ಹಾಗೆ?

ಮಾತು ನಿಜ. ಅಂಗಡಿಯವರು ಇದನ್ನು ‘ಫೆರಮೋನ್ ಟ್ರ್ಯಾಪ್’ ಎಂದು ಮಾರುವುದರಿಂದ, ಇದು ಹೆಣ್ಣುನೊಣದ ವಾಸನೆಯೆಂದೂ ಅದಕ್ಕೇ ಗಂಡು ಮರುಳಾಗಿ ಬರುತ್ತದೆಂದೂ ಹಲವರು ತಿಳಿದಿದ್ದಾರೆ. ಭತ್ತದ ಕಾಂಡಕೊರಕದ ಬಲೆಯಲ್ಲಿ ನಡೆಯುವುದು ಹಾಗೆ, ಹಣ್ಣುನೊಣದ ಬಲೆಯಲ್ಲಿ ಹಾಗಲ್ಲ. ಮೀಥೈಲ್ ಯುಜೆನಾಲ್ ಯಾವ ನೊಣದ ಮೈಯಿಂದಲೂ ಬರುವ ವಾಸನೆಯಲ್ಲ, ಗಿಡಗಳದ್ದು. ತುಳಸಿಯಲ್ಲಿದೆ, ಜಾಯಿಕಾಯಿಯಲ್ಲಿದೆ, ವಿಷುವಿನ ಕಣಿಗೆ ಇಡುವ ಕಕ್ಕೆ ಹೂವಿನಲ್ಲೂ ಇದೆ.

ಗಂಡುನೊಣ ಬರುವುದು ಅದನ್ನು ಮೂಸುವುದಕ್ಕಲ್ಲ, ತಿನ್ನುವುದಕ್ಕೆ. ಬೆಳಗಿನ ಹೊತ್ತು ಬಲೆಯ ಬಳಿ ಸ್ವಲ್ಪ ನಿಂತು ನೋಡಿದರೆ ಇದು ಕಣ್ಣಿಗೆ ಕಾಣುತ್ತದೆ: ನೊಣ ಗಾಳಿಗೆದುರಾಗಿ ಓಲಾಡುತ್ತ ಬಂದು, ಮೊದಲು ಎಲೆಯ ಮೇಲೆ ಕೂತು, ಆಮೇಲೆ ಬಾಟಲಿಯ ತೂತಿನ ಅಂಚಿಗೆ ನಡೆದು, ಮದ್ದು ತಾಗಿದ ಜಾಗವನ್ನು ಬಾಯಿಯ ತುದಿಯಿಂದ ಒತ್ತಿ ಒತ್ತಿ ನೆಕ್ಕುತ್ತದೆ. ಹೀಗೆ ತಿಂದ ಮೀಥೈಲ್ ಯುಜೆನಾಲ್ ಅದರ ಮೈಯೊಳಗೆ ಮಾರ್ಪಟ್ಟು ಕೊನಿಫೆರಿಲ್ ಆಲ್ಕೊಹಾಲ್ ಮೊದಲಾದ ಬೇರೆ ಪದಾರ್ಥಗಳಾಗಿ ಗುದದ ಬಳಿಯ ಒಂದು ಗ್ರಂಥಿಯಲ್ಲಿ ಶೇಖರವಾಗುತ್ತದೆ. ಸಂಜೆ, ಬೆಳಕು ಇಳಿಯುವ ಹೊತ್ತಿಗೆ, ಗಂಡುಗಳು ಮರದ ಎಲೆಗಳ ಮೇಲೆ ಗುಂಪಾಗಿ ಕೂತು ರೆಕ್ಕೆ ಬಡಿಯುತ್ತ ಈ ಪದಾರ್ಥವನ್ನು ಹೊರಬಿಡುತ್ತವೆ. ಹೆಣ್ಣು ಬರುವುದು ಆಗ, ಆ ವಾಸನೆಗೆ. ಅಂದರೆ ಗಂಡು ಗಿಡದಿಂದ ಅತ್ತರಿನ ಕಚ್ಚಾ ಸಾಮಗ್ರಿ ತಂದು, ಹೊಟ್ಟೆಯಲ್ಲಿ ಭಟ್ಟಿ ಇಳಿಸಿ, ಸಂಜೆ ಹೆಣ್ಣಿನ ಮುಂದೆ ಪೂಸಿಕೊಳ್ಳುತ್ತದೆ ಎನ್ನಬಹುದು. ತಿಂದ ಗಂಡಿಗೆ ತಿನ್ನದ ಗಂಡಿಗಿಂತ ಹೆಚ್ಚು ಜೋಡಿ ಸಿಗುತ್ತದೆ ಎಂಬುದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಹೆಣ್ಣಿಗೆ ಈ ಸಾಮಗ್ರಿಯಿಂದ ಅಂಥ ಪ್ರಯೋಜನವಿಲ್ಲವಾದುದರಿಂದ ಅದು ಬಲೆಯತ್ತ ಬರುವುದು ತೀರ ಅಪರೂಪ.

ಕ್ಯೂಲ್ಯೂರಿನ ಕಥೆಯೂ ಹತ್ತಿರಹತ್ತಿರ ಇದೇ. ಅದು ಕಾರ್ಖಾನೆಯಲ್ಲಿ ತಯಾರಾದ ವಸ್ತು. ತೇವ ತಾಗಿದರೆ ನಿಧಾನವಾಗಿ ಒಡೆದು ರಾಸ್ಪ್‌ಬೆರಿ ಕೀಟೋನ್ ಆಗುತ್ತದೆ. ಇದು ಕೆಲವು ಹೂಹಣ್ಣುಗಳಲ್ಲಿ ಸಹಜವಾಗಿಯೇ ಇದ್ದು, ಬಳ್ಳಿತರಕಾರಿಯ ಗಂಡುನೊಣ ಅದನ್ನು ತಿಂದು ಗ್ರಂಥಿಯಲ್ಲಿ ಕೂಡಿಡುತ್ತದೆ. ಬಲ್ಬೊಫಿಲಮ್ ಎಂಬ ಸೀತಾಳೆ (ಆರ್ಕಿಡ್) ಜಾತಿಯ ಹಲವು ಸಸ್ಯಗಳು ನೊಣದ ಈ ಚಪಲವನ್ನು ಬಳಸಿಕೊಂಡು ತಮ್ಮ ಪರಾಗಸ್ಪರ್ಶ ಮಾಡಿಸಿಕೊಳ್ಳುತ್ತವೆ. ಹೂವು ತುಸು ಮದ್ದು ಕೊಡುತ್ತದೆ, ನೊಣ ಬೆನ್ನ ಮೇಲೆ ಪರಾಗ ಹೊತ್ತು ಮುಂದಿನ ಹೂವಿಗೆ ಹೋಗುತ್ತದೆ. ಶುಂಠಿಯ ಬಳಗದ ವಾಸನೆಯಾದ ಜಿಂಜೆರೋನ್ ಇರುವ ಹೂವಿಗಂತೂ ಎರಡೂ ಬಳಗದ ನೊಣಗಳು ಬರುತ್ತವೆ. ಆದರೆ ಅದರ ಸೆಳೆತ ಸೌಮ್ಯವಾದುದರಿಂದ ಬಲೆಗೆ ಅದು ಹೇಳಿದ್ದಲ್ಲ.

ಗಂಡುನೊಣದ ಈ ಸೆಳೆತವನ್ನು ಮೊದಲು ಕಂಡುಕೊಂಡವರು ಯಾರು?

ಬಿಹಾರದ ಪೂಸಾದ ಕೃಷಿ ಸಂಶೋಧನಾ ಸಂಸ್ಥೆಯಲ್ಲಿದ್ದ ಎಫ್. ಎಂ. ಹೌಲೆಟ್ ಎಂಬ ಕೀಟಶಾಸ್ತ್ರಜ್ಞ. ಅವರ ನೆರೆಯವರೊಬ್ಬರು ಸೊಳ್ಳೆಯ ಕಾಟಕ್ಕೆಂದು ಕರವಸ್ತ್ರಕ್ಕೆ ಸಿಟ್ರೊನೆಲ್ಲಾ ಎಣ್ಣೆ ಹಚ್ಚಿಕೊಂಡಾಗ ಸೊಳ್ಳೆಯ ಬದಲು ನೊಣಗಳು ಮುತ್ತಿಕೊಂಡವಂತೆ. ಸಿಟ್ರೊನೆಲ್ಲಾ ನಮ್ಮ ಮಜ್ಜಿಗೆಹುಲ್ಲಿನ ಹತ್ತಿರದ ಬಂಧು. ಬಂದ ನೊಣಗಳೆಲ್ಲ ಹಣ್ಣುನೊಣಗಳು, ಅದರಲ್ಲೂ ಗಂಡುಗಳು ಎಂದು ಹೌಲೆಟ್ 1912ರಲ್ಲಿ ಬರೆದರು. ಎಣ್ಣೆಯಲ್ಲಿ ಸೆಳೆಯುವ ಅಂಶ ಮೀಥೈಲ್ ಯುಜೆನಾಲ್ ಎಂದು 1915ರಲ್ಲಿ ತೋರಿಸಿದರು. ಜಗತ್ತಿನ ಹಲವೆಡೆ ಈಗ ತೂಗುತ್ತಿರುವ ಬಾಟಲಿಗಳ ಮೂಲ ಹೀಗೆ ನಮ್ಮ ದೇಶದ್ದೇ.

ತುಳಸಿಯಲ್ಲಿ ಮೀಥೈಲ್ ಯುಜೆನಾಲ್ ಇದ್ದರೆ ಎಲೆ ಜಜ್ಜಿ ಗೆರಟೆಯಲ್ಲಿಟ್ಟರೆ ಸಾಲದೇ?

ಕೇರಳದಲ್ಲಿ ‘ತುಳಸಿ ಕೆಣಿ’ (ತುಳಸಿಯ ಬಲೆ) ಎಂದು ಹೆಸರಾದ ಉಪಾಯವಿದು, ಮಾವಿಗೆ ಕೆಲಸವನ್ನೂ ಮಾಡುತ್ತದೆ. ಆದರೆ ಎರಡು ಮಾತು ನೆನಪಿರಬೇಕು. ಎಲ್ಲ ತುಳಸಿಯೂ ಒಂದೇ ಅಲ್ಲ. ಕೆಲವು ಗಿಡಗಳ ಎಣ್ಣೆಯಲ್ಲಿ ಮೀಥೈಲ್ ಯುಜೆನಾಲ್ ಹೆಚ್ಚು, ಕೆಲವದರಲ್ಲಿ ಬರಿಯ ಯುಜೆನಾಲೇ ಹೆಚ್ಚು. ಒಬ್ಬರ ಮನೆಯಲ್ಲಿ ಎಲೆ ಜಜ್ಜಿದ ಐದು ನಿಮಿಷಕ್ಕೆ ನೊಣ ಮುತ್ತುವುದೂ ಇನ್ನೊಬ್ಬರ ಮನೆಯಲ್ಲಿ ಒಂದೂ ಬಾರದಿರುವುದೂ ಇದರಿಂದಲೇ.

ಎರಡನೆಯದು ಇನ್ನೂ ಮುಖ್ಯ. ವಿಷ ಬೇಡವೆಂದು ಬರಿಯ ತುಳಸಿಯನ್ನು ಜಜ್ಜಿಟ್ಟು, ಬಂದ ನೊಣ ಸಾಯುವ ಅಥವಾ ಸಿಕ್ಕಿಬೀಳುವ ವ್ಯವಸ್ಥೆ ಮಾಡದಿದ್ದರೆ, ಗಂಡುನೊಣಕ್ಕೆ ನೀವೇ ಮದುವೆಯ ಊಟ ಹಾಕಿ ಕಳಿಸಿದಂತಾಗುತ್ತದೆ. ಒಮ್ಮೆ ಹೊಟ್ಟೆತುಂಬ ತಿಂದ ಗಂಡಿಗೆ ಜೋಡಿ ಸುಲಭವಾಗಿ ಸಿಗುವುದಷ್ಟೇ ಅಲ್ಲ, ಮುಂದೆ ಹಲವು ದಿನ ಅದಕ್ಕೆ ಬಲೆಯ ಮೇಲಿನ ಆಸೆಯೂ ಕುಗ್ಗಿರುತ್ತದೆ. ತುಳಸಿ ಇಡುವುದಾದರೆ ನೊಣ ಒಳಹೊಕ್ಕರೆ ಹೊರಬರಲಾಗದ ಬಾಟಲಿಯಲ್ಲಿ, ಸಾಬೂನು ಬೆರೆಸಿದ ನೀರಿನ ಮೇಲೆ ತೂಗಿಸಿ, ಎರಡು ಮೂರು ದಿನಕ್ಕೊಮ್ಮೆ ಎಲೆ ಬದಲಿಸಬೇಕು. ಹಾಗಲಕ್ಕೆ ತುಳಸಿ ಉಪಯೋಗವಿಲ್ಲ.

ಸರಿಯಾದ ಮದ್ದನ್ನೇ ಹಾಕಿದ್ದೇನೆ, ಬಲೆ ತುಂಬ ನೊಣ ಬಿದ್ದಿದೆ. ಆದರೂ ಕಾಯಿಗೆ ಹುಳ ಬೀಳುವುದು ನಿಂತಿಲ್ಲ. ಏಕೆ?

ಕಾಯಿಗೆ ಚುಚ್ಚುವುದು ಹೆಣ್ಣು; ಬಲೆಗೆ ಬೀಳುವುದು ಗಂಡು. ಇದನ್ನು ಮನಸ್ಸಿಗೆ ತಂದುಕೊಂಡರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಗಂಡನ್ನು ಹಿಡಿಯುವುದರಿಂದ ಹೆಣ್ಣಿಗೆ ಜೋಡಿ ಸಿಗದೆ, ಅದು ಇಡುವ ಮೊಟ್ಟೆ ಒಡೆಯದೆ ಹೋಗಲಿ ಎಂಬುದು ಬಲೆಯ ಹಿಂದಿನ ಲೆಕ್ಕ. ಆದರೆ ಒಂದು ಗಂಡು ಹಲವು ಹೆಣ್ಣುಗಳೊಂದಿಗೆ ಕೂಡಬಲ್ಲದು. ನೂರು ಗಂಡುಗಳಲ್ಲಿ ತೊಂಬತ್ತು ಬಾಟಲಿಗೆ ಬಿದ್ದವೆಂದಿಟ್ಟುಕೊಳ್ಳಿ. ಉಳಿದ ಹತ್ತು ಸಂಜೆಸಂಜೆಗೂ ಹೊಸ ಜೋಡಿ ಕಟ್ಟಿಕೊಂಡರೆ ಕೆಲವೇ ದಿನಗಳಲ್ಲಿ ಬಹುತೇಕ ಹೆಣ್ಣುಗಳು ಗರ್ಭ ಧರಿಸಿರುತ್ತವೆ. ಆದ್ದರಿಂದ ಗಂಡುಗಳು ಹೆಚ್ಚುಕಡಿಮೆ ಪೂರ್ತಿ ಇಲ್ಲವಾದರೆ ಮಾತ್ರ ಈ ಉಪಾಯ ಫಲಿಸುತ್ತದೆ. ಒಂದು ಚಪ್ಪರದ ಎರಡು ಬಾಟಲಿಗೆ ಅದು ಸಾಧ್ಯವಿಲ್ಲ.

ಅಲ್ಲದೆ, ನಿಮ್ಮ ಹಿತ್ತಿಲಿಗೆ ಬರುವ ಹೆಣ್ಣು ನಿಮ್ಮ ಹಿತ್ತಿಲಿನಲ್ಲೇ ಜೋಡಿಯಾಗಿರಬೇಕೆಂದಿಲ್ಲ. ಪಕ್ಕದ ಗುಡ್ಡೆಯಲ್ಲಿ ಕಾಟುಮಾವಿನ ಮರದಡಿ ಹಣ್ಣು ರಾಶಿ ಬಿದ್ದು ಕೊಳೆಯುತ್ತಿದ್ದರೆ, ಅಲ್ಲಿ ಹುಟ್ಟಿ ಅಲ್ಲೇ ಕೂಡಿದ ಹೆಣ್ಣು ಮೊಟ್ಟೆಯಿಡಲು ಮಾತ್ರ ನಿಮ್ಮಲ್ಲಿಗೆ ಬರುತ್ತದೆ, ನಿಮ್ಮ ಬಲೆಗೂ ಅದಕ್ಕೂ ಸಂಬಂಧವೇ ಬರುವುದಿಲ್ಲ.

ಬಳ್ಳಿತರಕಾರಿಯಲ್ಲಿ ತೊಡಕು ಇನ್ನಷ್ಟು. ಮೀಥೈಲ್ ಯುಜೆನಾಲಿನ ಸೆಳೆತ ಬಲವಾದದ್ದು, ಪೂರ್ತಿ ಪ್ರಾಯಕ್ಕೆ ಬರುವ ಮೊದಲೇ ಮಾವಿನ ಗಂಡುನೊಣಗಳಲ್ಲಿ ಹಲವು ಬಲೆಗೆ ಬಂದುಬಿಡುತ್ತವೆ. ಕ್ಯೂಲ್ಯೂರಿನ ಸೆಳೆತ ಅಷ್ಟು ಬಲವಾದದ್ದಲ್ಲ. ಬಳ್ಳಿತರಕಾರಿಯ ಗಂಡು ಅದಕ್ಕೆ ಸ್ಪಂದಿಸತೊಡಗುವುದು ಪ್ರಾಯಕ್ಕೆ ಬರುವ ಹೊತ್ತಿಗೆ, ಅಷ್ಟರಲ್ಲಿ ಒಂದೆರಡು ಸಂಜೆ ಅದರ ಕೆಲಸ ಮುಗಿದಿರಲೂಬಹುದು. ಹಾಗಾಗಿ ಮಾವಿನ ಬಲೆಯಿಂದ ನಿರೀಕ್ಷಿಸುವಷ್ಟನ್ನು ಹಾಗಲದ ಬಲೆಯಿಂದ ನಿರೀಕ್ಷಿಸಬಾರದು. ನನ್ನ ಅಭಿಪ್ರಾಯದಲ್ಲಿ ಸಣ್ಣ ಹಿಡುವಳಿಯವರಿಗೆ ಬಲೆಯ ನಿಜವಾದ ಉಪಯೋಗ ಬೇರೆಯೇ: ನೊಣ ಬಂದಿದೆಯೇ, ಏರುತ್ತಿದೆಯೇ, ಇಳಿಯುತ್ತಿದೆಯೇ ಎಂದು ಅದು ತಿಳಿಸುತ್ತದೆ. ಉಳಿದ ಕೆಲಸಗಳನ್ನು ಯಾವ ವಾರ ಬಿಗಿಯಾಗಿ ಮಾಡಬೇಕೆಂದು ಅದರಿಂದ ನಿಶ್ಚಯಿಸಿಕೊಳ್ಳಬಹುದು.

ಬಲೆ ಕಟ್ಟಿದರೆ ನೆರೆಮನೆಯ ನೊಣವನ್ನೆಲ್ಲ ನಮ್ಮಲ್ಲಿಗೆ ಕರೆದಂತಾಗುವುದಿಲ್ಲವೇ?

ಮೀಥೈಲ್ ಯುಜೆನಾಲ್ ಅರ್ಧ ಮೈಲಿಯಿಂದ ನೊಣವನ್ನು ಕರೆತರುತ್ತದೆ ಎಂಬ ಮಾತು ಹವಾಯಿಯ ಹಳೆಯ ಪ್ರಯೋಗಗಳಿಂದ ಬಂದದ್ದು. ಅದು ಗಾಳಿಯ ದಿಕ್ಕು ಒಪ್ಪಿದಾಗ ಯಾವುದೋ ಕೆಲವು ನೊಣ ತಲುಪಿದ ದೂರವೇ ಹೊರತು, ಬಲೆ ಗುಡಿಸಿಹಾಕುವ ದೂರವಲ್ಲ. ಹೆಚ್ಚಿನ ನೊಣಗಳು ಬರುವುದು ಕೆಲವು ಹತ್ತು ಮೀಟರುಗಳೊಳಗಿಂದ. ಬಂದರೂ ಅವು ಗಂಡುಗಳು, ಕಾಯಿಗೆ ಚುಚ್ಚುವವಲ್ಲ. ಆ ಭಯ ಬೇಡ. ಆದರೂ ಬಲೆಯನ್ನು ಬೆಳೆಯ ನಡುವಿಗಿಂತ ಅಂಚಿಗೆ ಕಟ್ಟುವುದು ಒಳ್ಳೆಯದು.

ಹಾಗಾದರೆ ಹೆಣ್ಣನ್ನು ಹಿಡಿಯುವ ಉಪಾಯವಿಲ್ಲವೇ?

ಇದೆ, ಆದರೆ ಅಷ್ಟು ಚುರುಕಾದದ್ದಲ್ಲ. ಕೋಶದಿಂದ ಹೊರಬಂದ ಹೆಣ್ಣಿಗೆ ಮೊಟ್ಟೆ ಬಲಿಯಲು ಒಂದೆರಡು ವಾರ ಹಿಡಿಯುತ್ತದೆ, ಅಷ್ಟರೊಳಗೆ ಅದಕ್ಕೆ ಪ್ರೊಟೀನ್ ಆಹಾರ ಬೇಕು. ಹಕ್ಕಿಯ ಹಿಕ್ಕೆ, ಎಲೆಯ ಮೇಲಿನ ಬ್ಯಾಕ್ಟೀರಿಯಾ, ಗಿಡಹೇನಿನ ಸಿಹಿ ಅಂಟು ಇವನ್ನು ಹುಡುಕಿ ತಿನ್ನುತ್ತದೆ. ಈ ಹಸಿವನ್ನೇ ಆಧರಿಸಿದ್ದು ಪ್ರೊಟೀನ್ ಹೈಡ್ರೊಲೈಸೇಟ್ ಎಂಬ ಆಹಾರ ಮೋಹಕ. ಇದಕ್ಕೆ ಗಂಡು ಹೆಣ್ಣು ಎರಡೂ ಬರುತ್ತವೆ, ಆದರೆ ಹತ್ತಿರದಿಂದ ಮಾತ್ರ. ಕೇರಳದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಬಾಳೆಹಣ್ಣಿನ ಕೆಣಿಯೂ ಇದೇ ಜಾತಿಯದು. ಪಾಳಯಂಕೋಡನ್ ಎಂಬ ಬಾಳೆಹಣ್ಣನ್ನು ಓರೆಯಾಗಿ ಹೋಳು ಮಾಡಿ, ವಿಷ ಸವರಿ, ಗೆರಟೆಯಲ್ಲಿಟ್ಟು ಚಪ್ಪರಕ್ಕೆ ತೂಗಿಸುವ ಕ್ರಮ. ಒಣಮೀನಿನ ಪುಡಿ ಇಡುವವರೂ ಇದ್ದಾರೆ. ಹಿಂದೆ ಇದಕ್ಕೆ ಫ್ಯೂರಡಾನ್ ಎಂಬ ಕಡುವಿಷದ ಹರಳು ಹಾಕುತ್ತಿದ್ದರು. ಅದು ಕೇರಳದಲ್ಲಿ 2011ರಿಂದ ನಿಷೇಧದಲ್ಲಿದೆ. ಗಡಿಯಾಚೆ ಸಿಗುತ್ತದೆಂದು ತರಿಸಿ, ನಾಯಿ, ಬೆಕ್ಕು, ಮಕ್ಕಳು ಓಡಾಡುವ ಹಿತ್ತಿಲಿನಲ್ಲಿ ಹಣ್ಣಿನೊಳಗೆ ಅಡಗಿಸಿಡುವುದು ಯಾವ ಕಾರಣಕ್ಕೂ ಸಲ್ಲದು.

ಇನ್ನೊಂದು ಸಂಗತಿ. ಬಳ್ಳಿತರಕಾರಿಯ ನೊಣ ಹಗಲಿಡೀ ಚಪ್ಪರದಲ್ಲೇ ಇರುವುದಿಲ್ಲ. ಅದು ತಂಗುವುದು ಸುತ್ತಲಿನ ಬೇಲಿಗಿಡ, ಹರಳು, ಜೋಳದಂತಹ ಎತ್ತರದ ಗಿಡಗಳ ಎಲೆಯಡಿಯಲ್ಲಿ. ಮೊಟ್ಟೆಯಿಡಲಷ್ಟೇ ಬೆಳೆಗೆ ಬಂದು ಹೋಗುತ್ತದೆ. ಆದ್ದರಿಂದ ಬೆಲ್ಲದ ನೀರಿನಲ್ಲಿಯೋ ಪ್ರೊಟೀನ್ ದ್ರಾವಣದಲ್ಲಿಯೋ ಅನುಮತಿಯಿರುವ ಕೀಟನಾಶಕ ಬೆರೆಸಿ ಸಿಂಪಡಿಸುವವರು, ಅದನ್ನು ಕಾಯಿಯ ಮೇಲೆ ಹೊಯ್ಯುವುದರ ಬದಲು ಬೇಲಿಯ ಎಲೆಗಳ ಮೇಲೆ ಅಲ್ಲಲ್ಲಿ ದೊಡ್ಡ ಹನಿಗಳಾಗಿ ಬೀಳಿಸಿದರೆ ಮದ್ದೂ ಕಡಿಮೆ ಸಾಕು, ತಿನ್ನುವ ಕಾಯಿಗೂ ತಾಗದು.

ಬಲೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ?

ಧಾರಾಳವಾಗಿ. ಒಂದು ಲೀಟರಿನ ನೀರಿನ ಬಾಟಲಿಯ ಮೇಲ್ಭಾಗದಲ್ಲಿ ಎದುರುಬದುರಾಗಿ ನಾಲ್ಕು ತೂತು ಸುಟ್ಟು, ಮುಚ್ಚಳದಿಂದ ತಂತಿ ಇಳಿಬಿಟ್ಟು, ಅದರ ತುದಿಗೆ ಮದ್ದು ಹೀರಿದ ಮರದ ತುಂಡನ್ನು ಕಟ್ಟಿದರೆ ಬಲೆಯಾಯಿತು. ತೂತು ಪೆನ್ಸಿಲ್ ಹೊಗುವಷ್ಟಿದ್ದರೆ ಸಾಕು. ದೊಡ್ಡದಾದರೆ ಬಂದ ನೊಣ ಅದೇ ದಾರಿಯಿಂದ ಹೊರಡುತ್ತದೆ. ಮರದ ತುಂಡು ಸುಮಾರು ಎರಡು ಇಂಚು ಚೌಕ, ಅರ್ಧ ಇಂಚು ದಪ್ಪದ ಹಗುರ ಪ್ಲೈವುಡ್ ಆಗಿರಲಿ. ಇದನ್ನು ಮದ್ಯಸಾರ, ಮೋಹಕ, ಕೀಟನಾಶಕ ಇವುಗಳ 6:4:1 ಪ್ರಮಾಣದ ಮಿಶ್ರಣದಲ್ಲಿ ಎರಡು ಮೂರು ದಿನ ಮುಳುಗಿಸಿಡುವುದು ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಕ್ರಮ. ಆದರೆ ಮಿಶ್ರಣ ಮಾಡುವ ಉಸಾಬರಿಗಿಂತ ಸಿದ್ಧ ತುಂಡನ್ನು ಕೊಂಡು, ಬಾಟಲಿಯನ್ನು ಮಾತ್ರ ಮನೆಯಲ್ಲಿ ಮಾಡಿಕೊಳ್ಳುವುದು ಲೇಸೆಂದು ನನಗೆ ಕಾಣುತ್ತದೆ.

ಎಷ್ಟು ಬಲೆ, ಎಲ್ಲಿ, ಯಾವಾಗ?

ಸಾಮಾನ್ಯ ಶಿಫಾರಸು ಎಕರೆಗೆ 6ರಿಂದ 10. ಮಾವಿಗಾದರೆ ಎದೆಮಟ್ಟಕ್ಕಿಂತ ತುಸು ಮೇಲೆ, ನೆರಳಿನ ಕೊಂಬೆಗೆ. ಹಾಗಲ ಪಡುವಲಕ್ಕೆ ಚಪ್ಪರದ ಮಟ್ಟದಲ್ಲಿ. ನೇರ ಬಿಸಿಲು ತಾಗಿದರೆ ಮದ್ದು ಬೇಗ ಹಾರಿಹೋಗುತ್ತದೆ. ಮಾವಿನಲ್ಲಿ ಕಾಯಿ ಬಲಿಯುವುದಕ್ಕೆ ಒಂದೂವರೆ ಎರಡು ತಿಂಗಳು ಮುಂಚೆ, ಬಳ್ಳಿತರಕಾರಿಯಲ್ಲಿ ಹೂ ಬಿಡುವ ಮುಂಚೆಯೇ ಕಟ್ಟಬೇಕು. ಹುಳ ಕಂಡ ಮೇಲೆ ಕಟ್ಟುವುದು ಮದುವೆ ಮುಗಿದ ಮೇಲೆ ಓಲಗ ಊದಿಸಿದಂತೆ.

ಮಳೆಗಾಲದಲ್ಲಿ ಬಲೆ ಕೆಲಸ ಮಾಡುತ್ತದೆಯೇ?

ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಎರಡು ಮೂರು ತಿಂಗಳು ಬಾಳಿಕೆ ಬರುತ್ತದೆ ಎನ್ನುವ ಮರದ ತುಂಡು ಆಟಿಯ ಮಳೆಗೆ ಅಷ್ಟು ದಿನ ಬರುವುದಿಲ್ಲ. ಬಾಟಲಿಯ ಮೇಲೆ ಅಡಿಕೆ ಹಾಳೆಯ ತುಂಡನ್ನು ಕೊಡೆಯಂತೆ ಕಟ್ಟಿದರೆ ತೂತಿನಿಂದ ನೀರು ಒಳಗೆ ಎರಚುವುದು ತಪ್ಪುತ್ತದೆ. ತಳಕ್ಕೆ ಸೂಜಿಮೊನೆಯ ಒಂದು ತೂತು ಹಾಕಿಟ್ಟರೆ ಬಿದ್ದ ನೀರು ಬಸಿದುಹೋಗುತ್ತದೆ. ಜೋರು ಮಳೆಯ ದಿನಗಳಲ್ಲಿ ನೊಣ ಹಾರುವುದೇ ಕಡಿಮೆ. ಮಳೆ ಬಿಟ್ಟು ಒಂದೆರಡು ದಿನ ಬಿಸಿಲು ಕಂಡಾಗ ಒಮ್ಮೆಗೇ ಏರುತ್ತದೆ.

ಬಾಟಲಿಯಲ್ಲಿ ನೊಣದ ರೆಕ್ಕೆ ಮಾತ್ರ ಉಳಿದಿರುತ್ತದೆ. ಮೈ ಎಲ್ಲಿ ಹೋಯಿತು?

ಇರುವೆ ಹೊತ್ತೊಯ್ದಿದೆ. ತೂಗಿಸುವ ತಂತಿಗೆ ಗ್ರೀಸ್ ಸವರಿ.

ಮೊದಲ ವಾರ ತುಂಬ ಬಿದ್ದವು, ಈಗ ಬೀಳುತ್ತಿಲ್ಲ. ನೊಣ ಮುಗಿಯಿತೆಂದು ತಿಳಿಯಬಹುದೇ?

ತಿಳಿಯುವ ಮೊದಲು ಮದ್ದು ಮುಗಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹಳೆಯ ಬಲೆಯ ಪಕ್ಕದಲ್ಲಿ ಹೊಸ ತುಂಡಿನ ಬಲೆಯೊಂದನ್ನು ಒಂದು ದಿನ ಕಟ್ಟಿನೋಡುವುದು ಎಲ್ಲಕ್ಕಿಂತ ಸುಲಭದ ಪರೀಕ್ಷೆ. ಹೊಸದಕ್ಕೂ ಬೀಳದಿದ್ದರೆ ನೊಣ ನಿಜವಾಗಿಯೂ ಇಳಿದಿದೆ. ತೋಟದಲ್ಲಿ ಹಣ್ಣು ಮುಗಿದಾಗಲೂ ಹೀಗಾಗುವುದುಂಟು. ಎಣಿಕೆಯನ್ನು ವಾರಕ್ಕೊಮ್ಮೆ, ಒಂದೇ ದಿನ, ಕ್ಯಾಲೆಂಡರಿನ ಮೇಲೆ ಬರೆದಿಟ್ಟರೆ ಎರಡು ವರ್ಷಗಳಲ್ಲಿ ನಿಮ್ಮ ಹಿತ್ತಿಲಿನ ನೊಣದ ಪಂಚಾಂಗ ಸಿದ್ಧವಾಗುತ್ತದೆ.

ಜೇನುನೊಣಕ್ಕೆ ತೊಂದರೆಯಿದೆಯೇ? ನಮಗೆ?

ಎಂಡೋಸಲ್ಫಾನನ್ನು ಎರಡು ದಶಕಕ್ಕೂ ಹೆಚ್ಚು ಕಾಲ ಗೇರುತೋಟಗಳ ಮೇಲೆ ಆಕಾಶದಿಂದ ಸಿಂಪಡಿಸಿದ್ದನ್ನು ಕಂಡ, ಅದರ ಫಲವನ್ನು ಪಡ್ರೆ ಎಣ್ಮಕಜೆಗಳ ಮನೆಮನೆಗಳಲ್ಲಿ ಇಂದಿಗೂ ನೋಡುತ್ತಿರುವ ಈ ನೆಲದಲ್ಲಿ ಈ ಪ್ರಶ್ನೆ ಬರುವುದು ಸಹಜ, ಬರಲೇಬೇಕು. ಸಿಂಪರಣೆಗೆ ಹೋಲಿಸಿದರೆ ಬಲೆ ಬಹಳ ಸೌಮ್ಯವಾದದ್ದು: ವಿಷ ಬಾಟಲಿಯೊಳಗಿನ ಮರದ ತುಂಡಿನಲ್ಲಿರುತ್ತದೆ, ಕಾಯಿಗೆ ಸೋಂಕುವುದಿಲ್ಲ. ಜೇನುನೊಣಗಳು ಈ ವಾಸನೆಗಳಿಗೆ ಬಂದು ಬಿದ್ದದ್ದನ್ನು ನನ್ನ ಬಾಟಲಿಗಳಲ್ಲಿ ಕಂಡಿಲ್ಲ. ಗಿಡಹೇನುಗಳನ್ನು ತಿನ್ನುವ ಹಸಿರು ಜಾಲರೆಕ್ಕೆಯ ಕೀಟಗಳಲ್ಲಿ ಕೆಲವು ಜಾತಿ ಮಾತ್ರ ಮೀಥೈಲ್ ಯುಜೆನಾಲಿಗೆ ಬರುವುದುಂಟು.

ಮನುಷ್ಯರ ವಿಷಯದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮೀಥೈಲ್ ಯುಜೆನಾಲನ್ನು 2023ರಲ್ಲಿ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ 2ಎ ಗುಂಪಿಗೆ ಸೇರಿಸಿದೆ. ಇದರಿಂದ ತೂಗುವ ಬಾಟಲಿಗೆ ಹೆದರಬೇಕಾಗಿಲ್ಲ, ಆದರೆ ಮದ್ದನ್ನು ಬರಿಗೈಯಲ್ಲಿ ಮುಟ್ಟುವುದು, ಅಡುಗೆಮನೆಯ ಪಾತ್ರೆಯಲ್ಲಿ ಬೆರೆಸುವುದು, ಉಳಿದದ್ದನ್ನು ಹೆಸರಿಲ್ಲದ ಸೀಸೆಯಲ್ಲಿ ಅಟ್ಟದ ಮೇಲಿಡುವುದು ಇವನ್ನು ಬಿಡಬೇಕು. ಕೈಗವಸು ತೊಟ್ಟು ಕೆಲಸ ಮಾಡಿ.

ಹುಳ ಬಿದ್ದ ಕಾಯಿಯನ್ನು ಏನು ಮಾಡಬೇಕು?

ಬಲೆಗಿಂತಲೂ ಇದು ದೊಡ್ಡ ಕೆಲಸವೆಂದು ನಾನು ಬಲವಾಗಿ ನಂಬಿದ್ದೇನೆ. ಕೊಳೆತ ಪೇರಳೆಯೊಂದನ್ನು ಕೈಯಿಂದ ಬಿಡಿಸಿನೋಡಿ: ತಿರುಳಿನೊಳಗೆ ಅಕ್ಕಿನುಚ್ಚಿನಂತೆ ಬಿಳಿಹುಳಗಳು ಮಿಸುಕುತ್ತಿರುತ್ತವೆ. ಬಲಿತ ಹುಳವನ್ನು ಸಿಮೆಂಟಿನ ಮೇಲೆ ಹಾಕಿದರೆ ಬಾಲವನ್ನು ಬಾಯಿಗೆ ತಾಗಿಸಿ ಬಿಲ್ಲಿನಂತೆ ಬಾಗಿ, ಥಟ್ಟನೆ ಬಿಟ್ಟುಕೊಂಡು ಗೇಣುದೂರ ಚಿಮ್ಮುತ್ತದೆ. ಹಾಗೆ ಚಿಮ್ಮಿ ಚಿಮ್ಮಿ ಮೆದುಮಣ್ಣನ್ನು ಸೇರಿ, ಕೆಲವು ಅಂಗುಲ ಆಳದಲ್ಲಿ ಕೋಶವಾಗಿ, ಹತ್ತು ಹನ್ನೆರಡು ದಿನಕ್ಕೆ ನೊಣವಾಗಿ ಏಳುತ್ತದೆ. ಹುಳ ಬಿದ್ದ ಕಾಯಿಯನ್ನು ತೆಂಗಿನ ಬುಡಕ್ಕೋ ಗೊಬ್ಬರದ ಗುಂಡಿಗೋ ಎಸೆದರೆ ಮುಂದಿನ ತಲೆಮಾರನ್ನು ನೀವೇ ನೆಟ್ಟಂತೆ. ಬಿದ್ದ ಕಾಯಿಯನ್ನು ದಿನಾ ಹೆಕ್ಕಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿದು ಒಂದೆರಡು ವಾರ ಬಿಸಿಲಿನಲ್ಲಿಡಬೇಕು, ಇಲ್ಲವೇ ಬಕೆಟಿನ ನೀರಿನಲ್ಲಿ ಕೆಲವು ದಿನ ಮುಳುಗಿಸಿಡಬೇಕು.

ಹಾಗಲ ಪಡುವಲಗಳಲ್ಲಿ ಹೂ ಉದುರಿದ ಎರಡು ಮೂರು ದಿನಗಳೊಳಗೆ ಮಿಡಿಯನ್ನು ಹಳೆಯ ಪತ್ರಿಕೆಯ ಕೊಳವೆಯಲ್ಲಿ ಸುತ್ತಿ ಬಾಳೆನಾರಿನಿಂದ ಕಟ್ಟುವ ರೂಢಿಯನ್ನು ಹಿರಿಯರು ಬಲ್ಲರು. ಹತ್ತು ಬಳ್ಳಿಯ ಮನೆಬಳಕೆಗೆ ಇದಕ್ಕಿಂತ ಖಚಿತವಾದ ಉಪಾಯ ಯಾವ ರಾಸಾಯನಿಕದಲ್ಲೂ ಇಲ್ಲ.

ಬಲೆಯಿಂದಲೇ ನೊಣವನ್ನು ಪೂರ್ತಿ ಇಲ್ಲವಾಗಿಸಿದ ಊರು ಎಲ್ಲಾದರೂ ಇದೆಯೇ?

ಇದೆ. ಶಾಂತಸಾಗರದ ರೋಟಾ ಎಂಬ ಪುಟ್ಟ ದ್ವೀಪದಲ್ಲಿ 1960ರ ದಶಕದ ಆರಂಭದಲ್ಲಿ ಮೀಥೈಲ್ ಯುಜೆನಾಲ್ ಮತ್ತು ಕೀಟನಾಶಕ ಹೀರಿದ ನಾರುಹಲಗೆಯ ತುಂಡುಗಳನ್ನು ವಿಮಾನದಿಂದ ಮತ್ತೆ ಮತ್ತೆ ಉದುರಿಸಿ ಡಾರ್ಸಾಲಿಸ್ ನೊಣವನ್ನು ನಿರ್ಮೂಲ ಮಾಡಿದರು. ಜಪಾನಿನ ನೈಋತ್ಯ ದ್ವೀಪಗಳು ಇದೇ ಉಪಾಯದಿಂದ 1986ರ ಹೊತ್ತಿಗೆ ಆ ನೊಣದಿಂದ ಮುಕ್ತವಾದವು. ಗಮನಿಸಬೇಕಾದುದೇನೆಂದರೆ, ಅದೇ ರೋಟಾದಲ್ಲೂ ಅದೇ ಜಪಾನಿನಲ್ಲೂ ಬಳ್ಳಿತರಕಾರಿಯ ನೊಣಕ್ಕೆ ಮೋಹಕವೊಂದನ್ನೇ ನೆಚ್ಚಲಿಲ್ಲ. ಅಪಾರ ಸಂಖ್ಯೆಯಲ್ಲಿ ಬಂಜೆ ಗಂಡುಗಳನ್ನು ಸಾಕಿ ಬಿಡಬೇಕಾಯಿತು. ಜಪಾನಿನಲ್ಲಿ ಆ ಕೆಲಸ ಮುಗಿದದ್ದು 1993ರಲ್ಲಿ. ಅವೆಲ್ಲ ಸುತ್ತಲೂ ಕಡಲಿರುವ ದ್ವೀಪಗಳು. ಕಾಸರಗೋಡಿಗೆ ಕಡಲಿರುವುದು ಒಂದು ಬದಿಗೆ ಮಾತ್ರ, ಉಳಿದ ಬದಿಗಳಿಂದ ನೊಣಕ್ಕೆ ಚೆಕ್‌ಪೋಸ್ಟ್ ಇಲ್ಲ. ಇಲ್ಲಿ ಸಾಧ್ಯವಿರುವುದು ಒಂದು ಬೈಲಿನ ಹತ್ತಾರು ಮನೆಯವರು ಒಂದೇ ವಾರ ಬಲೆ ಕಟ್ಟಿ, ಒಟ್ಟಾಗಿ ಬಿದ್ದ ಹಣ್ಣು ಹೆಕ್ಕಿ, ಹಾನಿಯನ್ನು ತಾಳಬಹುದಾದ ಮಟ್ಟಕ್ಕೆ ಇಳಿಸುವುದು.

ಇಷ್ಟು ಸಣ್ಣ ನೊಣಕ್ಕೆ ಹೊರದೇಶದವರು ಅಷ್ಟೇಕೆ ಹೆದರುತ್ತಾರೆ?

ಒಂದು ಪೆಟ್ಟಿಗೆಯಲ್ಲಿ ಹೋದ ಹುಳ ಒಂದು ಖಂಡಕ್ಕೇ ಹಬ್ಬಬಲ್ಲದು. ಡಾರ್ಸಾಲಿಸ್ 2003ರಲ್ಲಿ ಕೀನ್ಯಾದಲ್ಲಿ ಕಂಡುಬಂದು ಕೆಲವೇ ವರ್ಷಗಳಲ್ಲಿ ಆಫ್ರಿಕದ ಬಹುಭಾಗವನ್ನು ಆವರಿಸಿತು. ಯುರೋಪಿಯನ್ ಒಕ್ಕೂಟ 2014ರ ಮೇ ತಿಂಗಳಿನಿಂದ ಭಾರತದ ಮಾವಿನಹಣ್ಣನ್ನು ತಡೆದಾಗ ಅದರ ಜೊತೆಗೆ ಬದನೆ, ಕೆಸು, ಹಾಗಲ, ಪಡುವಲಗಳನ್ನೂ ತಡೆದಿತ್ತು. ಮಾವಿನ ಮೇಲಿನ ತಡೆ 2015ರ ಜನವರಿಯಲ್ಲಿ ತೆರವಾಯಿತು. ರಫ್ತಿನ ಮಾವನ್ನು 48 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ಅದ್ದಿಡುವ ಕ್ರಮವಿರುವುದು ಒಳಗಿನ ಮೊಟ್ಟೆ ಹುಳಗಳನ್ನು ಕೊಲ್ಲುವುದಕ್ಕಾಗಿ.

ಹಳದಿ ಅಂಟುಹಾಳೆ ತೂಗಿಸಿದರೆ ಆಗದೇ?

ಬಿಳಿನೊಣ, ಹಸಿರುಹೇನುಗಳಿಗೆ ಆಗುತ್ತದೆ. ಹಣ್ಣುನೊಣ ಬೀಳುವುದು ಅಲ್ಲೊಂದು ಇಲ್ಲೊಂದು, ಆದರೆ ಪರಾಗಸ್ಪರ್ಶಕ್ಕೆ ಬೇಕಾದ ಒಳ್ಳೆಯ ಕೀಟಗಳೂ ಅಂಟಿಕೊಳ್ಳುತ್ತವೆ.

ಬಾಟಲಿಯಲ್ಲಿ ಸತ್ತ ನೊಣಗಳನ್ನು, ಹಳೆಯ ಮರದ ತುಂಡನ್ನು ಎಲ್ಲಿ ಹಾಕಬೇಕು?

ಎಣಿಸಿ, ರೆಕ್ಕೆಯ ಚುಕ್ಕೆ ನೋಡಿ ಜಾತಿ ಗುರುತಿಸಿಕೊಂಡು, ಬಾವಿಯಿಂದಲೂ ತೋಡಿನಿಂದಲೂ ದೂರ ಹೂತುಹಾಕಿ. ಕೋಳಿಗಳಿಗೆ ಹಾಕಬಾರದು, ಸತ್ತ ನೊಣಗಳ ಮೈಯಲ್ಲಿ ವಿಷವಿರುತ್ತದೆ. ಹಳೆಯ ತುಂಡನ್ನು ಬಚ್ಚಲೊಲೆಗೆ ಎಸೆದು ಹೊಗೆ ಉಸಿರಾಡುವ ಬದಲು ಅದೇ ಗುಂಡಿಯಲ್ಲಿ ಮುಚ್ಚಬೇಕು. ಬಾಟಲಿಯನ್ನು ಮರುವರ್ಷಕ್ಕೆ ತೆಗೆದಿಡುವುದಾದರೆ ಅದರ ಮೇಲೆ ‘ಮಾವು’ ಅಥವಾ ‘ಹಾಗಲ’ ಎಂದು ಅಳಿಸದ ಮಸಿಯಲ್ಲಿ ಬರೆದಿಡಿ.